ತಡವಾಗಿ ಬಂದವರ ಸಾಲು

ಆ ಸರ್ಕಾರಿ ಹೈಸ್ಕೂಲಿನ ಹೆಡ್ ಮೇಡಂಗೆ ಮಕ್ಕಳಿಗೆ ಹೊಡೆಯುವುದೆಂದರೆ ಆಗುತ್ತಿರಲಿಲ್ಲ. ಬೈಯುವುದೂ ಸರಿಯಾಗಿ ಬರುತ್ತಿರಲಿಲ್ಲ. ಬೈಯಲು ಹೊರಟರೆ ಅರ್ಧದಲ್ಲಿ ಅವರಿಗೇ ನಗು ಬಂದುಬಿಡುತ್ತಿತ್ತು. ಅವರಿಗೆ ಗೊತ್ತಿದ್ದದ್ದು ಒಂದೇ ವಿದ್ಯೆ: ವಿಚಾರಣೆ. ವಿಜ್ಞಾನ ಪಾಠ ಮಾಡುತ್ತ ಕೂದಲು ಬೆಳ್ಳಗಾದವರು. ಪ್ರತಿಯೊಂದಕ್ಕೂ ಒಂದು ಕಾರಣ ಇದ್ದೇ ಇರುತ್ತದೆ, ಕಾರಣ ಕೈಗೆ ಸಿಕ್ಕಿದರೆ ಕಾಯಿಲೆ ಅರ್ಧ ವಾಸಿಯಾದಂತೆ ಎಂದು ನಂಬಿದವರು. ಹಾಗಾಗಿ ತಡವಾಗಿ ಬಂದ ಮಕ್ಕಳನ್ನು ಗೇಟಿನ ಹೊರಗೆ ಸಾಲಾಗಿ ನಿಲ್ಲಿಸಿ, ತಾವು ಒಂದು ಸ್ಟೂಲ್ ಹಾಕಿಕೊಂಡು ಕೂತು, ಒಬ್ಬೊಬ್ಬರನ್ನೇ ಕರೆದು ಬುಡದಿಂದ ತುದಿಯವರೆಗೆ ಕೇಳುತ್ತಿದ್ದರು. ಇದಕ್ಕಿಂತ ಘೋರವಾದ ಶಿಕ್ಷೆ ಇನ್ನೊಂದಿಲ್ಲ ಎಂಬುದು ಅವರ ದೃಢವಾದ ಅಭಿಪ್ರಾಯವಾಗಿತ್ತು.

"ಯಾಕೋ ಲೇಟು?"

"ಅಜ್ಜಿ ಹಲ್ಲುಸೆಟ್ಟು ಕಳೆದುಹೋಗಿತ್ತು ಮಿಸ್. ಎಲ್ಲಾರೂ ಹುಡುಕ್ತಾ ಇದ್ವಿ."

ಬೇರೆ ಯಾರಾದರೂ ಆಗಿದ್ದರೆ ಕಿವಿ ಹಿಂಡಿ ಒಳಗೆ ಅಟ್ಟುತ್ತಿದ್ದರು. ಹೆಡ್ ಮೇಡಂ ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡರು.

"ಕೊನೆಗೆ ಎಲ್ಲಿ ಸಿಕ್ತು?"

"ಸಕ್ಕರೆ ಡಬ್ಬಿಲಿ."

"ಅಲ್ಲಿಗೆ ಹೇಗೋ ಹೋಯ್ತು?"

"ಅಜ್ಜಿಗೆ ಶುಗರ್ ಇದೆ ಮಿಸ್. ಕದ್ದು ಒಂದು ಹಿಡಿ ಬಾಯಿಗೆ ಹಾಕ್ಕೊಂಡಿದಾರೆ, ಅಷ್ಟರಲ್ಲಿ ಅಪ್ಪ ಬಂದ್ರು. ಗಾಬರಿಲಿ ಬಾಯಲ್ಲಿದ್ದದ್ದನ್ನೆಲ್ಲ ಡಬ್ಬಿಗೇ ಉಗುಳಿಬಿಟ್ಟಿದಾರೆ."

"ಅಯ್ಯೋ ರಾಮ! ಆ ಸಕ್ಕರೆ ಏನ್ಮಾಡಿದ್ರಿ?"

"ಏನೂ ಮಾಡ್ಲಿಲ್ಲ ಮಿಸ್. ಅಪ್ಪ ಅದೇ ಸಕ್ಕರೆ ಹಾಕ್ಕೊಂಡು ಕಾಫಿ ಕುಡ್ದು ಕೆಲ್ಸಕ್ಕೆ ಹೋದ್ರು."

ಸಾಲಿನಲ್ಲಿ ನಿಂತವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಡ್ ಮೇಡಂ ನಗಬಾರದೆಂದು ತುಟಿ ಕಚ್ಚಿ ಹಿಡಿದರೂ ಮೂಗಿನಿಂದ ಸದ್ದು ಬಂದೇ ಬಂತು. ಆಮೇಲೆ ದನಿ ಇಳಿಸಿ, "ನೀನೇನಾದ್ರೂ ತಿಂದ್ಯೇನೋ?" ಎಂದು ಕೇಳಿದರು. ಹುಡುಗ ಇಲ್ಲವೆಂದು ತಲೆಯಾಡಿಸಿದ. "ಖಾಲಿ ಹೊಟ್ಟೇಲಿ ಲೆಕ್ಕ ತಲೆಗೆ ಹತ್ತುತ್ತಾ? ಸ್ಟಾಫ್ ರೂಮಲ್ಲಿ ಬಿಸ್ಕತ್ತಿದೆ, ನಾನು ಹೇಳ್ದೆ ಅಂತ ಹೇಳಿ ಇಸ್ಕೋ," ಎಂದು ಕಳಿಸಿದರು. ಅವನ ಹಿಂದೆ ಇದ್ದ ಹುಡುಗಿಯ ಯೂನಿಫಾರ್ಮಿನ ಮೇಲೆ ಬೆಕ್ಕು ಮರಿ ಹಾಕಿತ್ತು. ಮರಿಗಳ ಬಣ್ಣ, ಅವುಗಳಿಗೆ ಇಟ್ಟ ಹೆಸರು, ಆ ಹೆಸರಿನ ಬಗ್ಗೆ ಅಕ್ಕತಂಗಿಯರಿಗೆ ನಡೆದ ಜಗಳ, ಎಲ್ಲವೂ ಕೂಲಂಕಷವಾಗಿ ತನಿಖೆಯಾಗುವ ಹೊತ್ತಿಗೆ ಮೊದಲ ಪೀರಿಯಡ್ ಮುಗಿದೇ ಹೋಗಿತ್ತು.

ಈ ಹೆಡ್ ಮೇಡಂ ಇನ್ನೂ ಇನ್‌ಚಾರ್ಜ್ ಮಾತ್ರ. ಕುರ್ಚಿ ಕೊಟ್ಟಿದ್ದರು, ಕಾಯಂ ಮಾಡಿರಲಿಲ್ಲ. ಒಂದು ದಿನ ಮೇಲಿನ ಆಫೀಸಿನಿಂದ ಸಾಹೇಬರು ಫೋನ್ ಮಾಡಿದರು.

"ಏನ್ರೀ ಮೇಡಂ, ನಿಮ್ಮ ಶಾಲೇಲಿ ಮೊದಲ್ನೇ ಪೀರಿಯಡ್ಡಿಗೆ ಬೆಂಚುಗಳು ಮಾತ್ರ ಇರ್ತವಂತೆ? ಸೋಮವಾರ ನಾನೇ ಬಂದು ನೋಡ್ತೀನಿ. ಹಾಗೇ ಇದ್ರೆ ಚಾರ್ಜು ಡ್ರಿಲ್ ಮೇಷ್ಟ್ರಿಗೆ ಕೊಟ್ಟುಬಿಡಿ."

ಡ್ರಿಲ್ ಮೇಷ್ಟ್ರು ಆರಡಿ ಎತ್ತರದ ಆಳು. ನಿದ್ದೆಯಲ್ಲೂ ಕೊರಳಲ್ಲಿ ಸೀಟಿ ಇರುತ್ತದೆಂದು ಮಕ್ಕಳು ಹೇಳುತ್ತಿದ್ದರು. ಮೂರು ಸಲ ಲೇಟಾದರೆ ಟಿ.ಸಿ. ಕೊಟ್ಟು ಮನೆಗೆ ಕಳಿಸಬೇಕು ಎಂಬುದು ಅವರ ಸಿದ್ಧಾಂತ. ಫೋನಿನ ಸುದ್ದಿ ಹಬ್ಬಿದಂದಿನಿಂದ, ಮೇಡಂ ಗೇಟಿನಲ್ಲಿದ್ದಾಗ ಅವರು ಹೆಡ್ ರೂಮಿಗೆ ಹೋಗಿ ಆ ಕುರ್ಚಿಯಲ್ಲಿ ಕೂತು ನೋಡುತ್ತಿದ್ದರು. ಇದು ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದರು. ಆದರೆ ಅದು ತಿರುಗುವ ಕುರ್ಚಿ. ಅವರು ತಮ್ಮ ಉದ್ದಕ್ಕೆ ತಕ್ಕಂತೆ ಅದನ್ನು ಎತ್ತರಿಸಿ, ಇಳಿಸುವುದನ್ನು ಮರೆತು ಹೋಗುತ್ತಿದ್ದರು. ಮೇಡಂ ಬಂದು ಕೂತರೆ ಕಾಲುಗಳು ನೆಲಕ್ಕೆ ತಾಗದೆ ಗಾಳಿಯಲ್ಲಿ ತೂಗಾಡುತ್ತಿದ್ದವು.

ಆ ಕುರ್ಚಿ ಮೇಡಂಗೆ ಬೇಕಾಗಿತ್ತು. ಅದನ್ನು ಮುಚ್ಚಿಡುವುದೇಕೆ? ಇಷ್ಟು ವರ್ಷ ಕಾದು ಸಿಕ್ಕಿದ ಕುರ್ಚಿ. ಅದು ಕೈಬಿಟ್ಟರೆ ಹಲ್ಲುಸೆಟ್ಟಿನ ಹುಡುಗ, ಬೆಕ್ಕಿನ ಹುಡುಗಿ ಎಲ್ಲರೂ ಒಂದೇ ವಾರದಲ್ಲಿ ಟಿ.ಸಿ. ಹಿಡಿದುಕೊಂಡು ಬೀದಿಗೆ ಬೀಳುತ್ತಾರೆ ಎಂಬ ಹೆದರಿಕೆಯೂ ಇತ್ತು. ಆದ್ದರಿಂದ ಅವರು ಕಠಿಣವಾಗಲು ತೀರ್ಮಾನಿಸಿದರು. ಕಠಿಣವಾಗುವುದು ಎಂದರೆ ಅವರ ಪ್ರಕಾರ ಇನ್ನೂ ಹೆಚ್ಚು ಪ್ರಶ್ನೆ ಕೇಳುವುದು. ಒಬ್ಬೊಬ್ಬರಿಗೆ ಎರಡರಷ್ಟು ಹೊತ್ತು ಮೀಸಲಿಟ್ಟರು. ಮನೆಯಿಂದ ಇನ್ನೂ ಬೇಗ ಹೊರಡತೊಡಗಿದರು.

ಮನೆಯಲ್ಲಿ ಇದ್ದವಳು ಮಗಳೊಬ್ಬಳೇ. ಗಂಡನ ಕೆಲಸ ಬೇರೆ ಊರಿನಲ್ಲಿ. ಮಗಳು ಅದೇ ಶಾಲೆಯ ಒಂಬತ್ತನೇ ಕ್ಲಾಸು. ಅವಳು ಹಲ್ಲುಜ್ಜುತ್ತಿರುವಾಗಲೇ ಅಮ್ಮ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತು ಕೂಗುತ್ತಿದ್ದರು: "ಗ್ಯಾಸ್ ಆಫ್ ಮಾಡು! ಹೋಂವರ್ಕ್ ಆಯ್ತಾ? ಬೀಗ ಎಳೆದು ನೋಡು!" ಮಗಳು ಬಾಯಿತುಂಬ ನೊರೆ ಇಟ್ಟುಕೊಂಡು ಮೂರು ಸಲ "ಹೂಂ" ಎನ್ನುತ್ತಿದ್ದಳು. ಅಲ್ಲಿಗೆ ತಾಯಿಮಗಳ ಬೆಳಗಿನ ಮಾತುಕತೆ ಮುಗಿಯುತ್ತಿತ್ತು. ಸಂಜೆ ಮೇಡಂಗೆ ಗಂಟಲೇ ಇರುತ್ತಿರಲಿಲ್ಲ. ಆದರೂ ಸ್ಟಾಫ್ ರೂಮಿನಲ್ಲಿ, "ನನ್ನ ಮಗಳು ಒಂದು ದಿನಕ್ಕೂ ಲೇಟಾಗಿಲ್ಲ ನೋಡಿ," ಎಂದು ಹೇಳಿಕೊಳ್ಳುವುದನ್ನು ಅವರು ಬಿಡುತ್ತಿರಲಿಲ್ಲ.

ಪ್ರಶ್ನೆ ಹೆಚ್ಚಾದಷ್ಟೂ ಸಾಲು ಕಡಿಮೆಯಾಗಬೇಕಿತ್ತು. ಅದು ಬೆಳೆಯಿತು. ಗೇಟಿನಿಂದ ಸೈಕಲ್ ಅಂಗಡಿಯವರೆಗೆ ಇದ್ದದ್ದು ಮೂಲೆ ದಾಟಿ ಕ್ಷೌರದ ಅಂಗಡಿಯವರೆಗೆ ಹೋಯಿತು. ಕ್ಷೌರಿಕ ಅರ್ಧ ಗಡ್ಡದ ಗಿರಾಕಿಯನ್ನು ಬಿಟ್ಟು ಹೊರಗೆ ಬಂದು ಕಿವಿಗೊಟ್ಟು ನಿಲ್ಲುತ್ತಿದ್ದ. ಮೇಡಂಗೆ ತಲೆಬುಡ ತಿಳಿಯಲಿಲ್ಲ. ಶುಕ್ರವಾರ ಶಾಲೆಯ ಜವಾನ ಏದುಸಿರು ಬಿಡುತ್ತ ಓಡಿಬಂದ. ಗಂಟೆ ಹೊಡೆಯುವ ಕೆಲಸ ಅವನದಾದ್ದರಿಂದ ಮಕ್ಕಳೆಲ್ಲ ಅವನನ್ನು ಗಂಟೆ ಮಾಮ ಎನ್ನುತ್ತಿದ್ದರು.

"ಮೇಡಂ, ಹಿಂದ್ಗಡೆ ಗೋಡೆ ಹಾರ್ತಾ ಇದಾರೆ!"

"ಕ್ಲಾಸ್ ತಪ್ಪಿಸ್ಕೊಂಡು ಓಡೋಗೋರು ಇದ್ದೇ ಇದಾರಲ್ಲಪ್ಪ, ಹೊಸದೇನು?"

"ಓಡೋಗ್ತಾ ಇಲ್ಲ ಮೇಡಂ! ಬೆಲ್ಲಿಗೆ ಮುಂಚೆ ನೆಟ್ಟಗೆ ಒಳಗೆ ಬರ್ತಾರೆ, ಬ್ಯಾಗ್ ಬೆಂಚಲ್ಲಿಟ್ಟು ಜಾಗ ಹಿಡೀತಾರೆ, ಹಿಂದಿನ ಗೋಡೆ ಹಾರಿ ಹೊರಗೆ ಹೋಗ್ತಾರೆ, ಸುತ್ತು ಹಾಕ್ಕೊಂಡು ಬಂದು ಇಲ್ಲಿ ಲೇಟಾದೋರ ಸಾಲಲ್ಲಿ ನಿಲ್ತಾರೆ!"

ಹೆಡ್ ಮೇಡಂ ತಲೆ ಮೇಲೆ ಕೈ ಹೊತ್ತರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಶಾಲೆಗೆ ಬೇಗ ಬರುವ ಒಳ್ಳೆಯ ಮಕ್ಕಳನ್ನೂ ತಾವೇ ಕೂತು ಕೆಡಿಸಿದ್ದರು. ಸೋಮವಾರ ಬಾಯಿಗೆ ಬೀಗ ಹಾಕಿಕೊಂಡು ಕೂರುವುದು, ಒಂದೇ ಒಂದು ಪ್ರಶ್ನೆಯನ್ನೂ ಕೇಳದೆ ಎಲ್ಲರನ್ನೂ ಒಳಗೆ ತಳ್ಳುವುದು ಎಂದು ಆಣೆ ಮಾಡಿಕೊಂಡರು.

ಸೋಮವಾರ ಬಂತು. ಸಾಹೇಬರ ಜೀಪು ಯಾವ ಕ್ಷಣದಲ್ಲಾದರೂ ಬರಬಹುದು. ಮೇಡಂ ಸ್ಟೂಲಿನ ಮೇಲೆ ಕೂತು, ರಸ್ತೆಯ ತಿರುವಿನಲ್ಲೇ ಕಣ್ಣು ನೆಟ್ಟು, ಎದುರಿಗೆ ಬಂದವರ ಮುಖವನ್ನೂ ನೋಡದೆ "ಹೋಗು, ಹೋಗು" ಎನ್ನುತ್ತ ಕೈ ಬೀಸುತ್ತಿದ್ದರು.

"ಮಿಸ್, ನನ್ನ ಕೇಳ್ಲೇ ಇಲ್ಲ!"

"ಕೇಳೋದೇನೂ ಇಲ್ಲ, ಹೋಗು."

"ಒಳ್ಳೇ ಕಾರಣ ಇತ್ತು ಮಿಸ್. ಚಿಕ್ಕಪ್ಪ ಬಾತ್‌ರೂಮಲ್ಲಿ ಸಿಕ್ಕಿಹಾಕ್ಕೊಂಡು—"

ಮೇಡಂ ನಾಲಿಗೆ ಕಚ್ಚಿಕೊಂಡರು. ಚಿಕ್ಕಪ್ಪ ಹೊರಗೆ ಬಂದನೋ ಇಲ್ಲವೋ ಎಂದು ತಿಳಿಯದೆ ಜೀವ ಚಡಪಡಿಸಿತು. ಆದರೂ ತಡೆದುಕೊಂಡರು. ಹೀಗೆ ಬಹಳ ಮಂದಿಯನ್ನು ಬಾಯಿ ಕಟ್ಟಿಕೊಂಡೇ ಸಾಗಹಾಕಿದರು. ಆದರೆ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲವಲ್ಲ; ಸಾಲು ಇನ್ನೇನು ಮುಗಿಯಿತು ಎನ್ನುವಾಗ ಬಾಯಿ ತಾನಾಗಿ ತೆರೆಯಿತು.

"ಯಾಕೆ ಲೇಟು?" ಕಣ್ಣು ಮಾತ್ರ ರಸ್ತೆಯ ಮೇಲೇ ಇತ್ತು.

"ಕನ್ನಡಕ ಸಿಗ್ಲಿಲ್ಲ," ಎಂದಿತು ಎದುರಿನ ದನಿ.

"ಎಲ್ಲಿತ್ತು?"

"ತಲೆ ಮೇಲೇ ಇತ್ತು."

"ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲ ಹುಡುಕಿದ್ರಂತೆ! ಯಾರು ಹೇಳಿದ್ರು ತಲೆ ಮೇಲಿದೆ ಅಂತ?"

"ಮನೆಯವಳು."

"ನಕ್ಕರಾ?"

"ಮೊದಲು ನಕ್ಕಳು. ಆಮೇಲೆ, ನಿಮಗೆ ವಯಸ್ಸಾಯ್ತು ಅಂದಳು. ಅದು ಸ್ವಲ್ಪ ಬೇಜಾರಾಯ್ತು."

"ಬೇಜಾರು ಮಾಡ್ಕೋಬೇಡ. ತಿಂಡಿ ತಿಂದ್ಯಾ?"

"ಇಲ್ಲ. ಮುನಿಸ್ಕೊಂಡು ಹಾಗೇ ಹೊರಟುಬಂದೆ."

"ಮನೆಯವಳು" ಎಂಬ ಮಾತು ಆಗ ಮೇಡಂನ ತಲೆಯೊಳಗೆ ಇಳಿಯಿತು. ಹೈಸ್ಕೂಲು ಹುಡುಗನಿಗೆ ಎಲ್ಲಿಯ ಮನೆಯವಳು? ರಸ್ತೆಯಿಂದ ಕಣ್ಣು ಕಿತ್ತು ನೋಡಿದರು. ಎದುರಿಗೆ ಹತ್ತನೇ ಕ್ಲಾಸಿನ ಹುಡುಗರಷ್ಟೇ ಎತ್ತರದ, ಬೋಳುತಲೆಯ ಸಾಹೇಬರು ಫೈಲು ಹಿಡಿದುಕೊಂಡು ವಿನಯದಿಂದ ನಿಂತಿದ್ದರು. ಸಾಲು ರಸ್ತೆಯನ್ನೇ ಮುಚ್ಚಿದ್ದರಿಂದ ಜೀಪು ಮೂಲೆಯ ಆಚೆಯೇ ನಿಂತಿತ್ತು. ನಡೆದು ಮುಂದೆ ಬರಲು ಹೋದರೆ ಮಕ್ಕಳು "ಸಾಲಲ್ಲಿ ಬನ್ನಿ ಅಂಕಲ್" ಎಂದಿದ್ದರು.

ಮೇಡಂ ಎದ್ದ ರಭಸಕ್ಕೆ ಸ್ಟೂಲ್ ಉರುಳಿಬಿತ್ತು. ಗೇಟಿನೊಳಗೆ ಕಾದು ನಿಂತಿದ್ದ ಡ್ರಿಲ್ ಮೇಷ್ಟ್ರು ಸಂತೋಷ ತಡೆಯಲಾಗದೆ ಒಂದು ಸಣ್ಣ ಸೀಟಿ ಊದಿಯೇಬಿಟ್ಟರು. ಹೋಯಿತು, ಕುರ್ಚಿ ಹೋಯಿತು ಎಂದು ಮೇಡಂಗೆ ಖಾತ್ರಿಯಾಯಿತು. "ಸಾರ್, ತಪ್ಪಾಯ್ತು ಸಾರ್," ಎಂದು ತೊದಲುವಷ್ಟರಲ್ಲಿ ಸಾಹೇಬರ ಬೆನ್ನ ಹಿಂದೆ ಸಾಲಿನ ಕಟ್ಟಕಡೆಯವಳು ಕಂಡಳು.

ಅವರ ಮಗಳು.

"ನೀನಾ? ಬೆಲ್ಲಿಗೆ ಮುಂಚೆನೇ ಒಳಗೆ ಹೋಗಿದ್ಯಲ್ಲೇ, ನಾನೇ ನೋಡ್ದೆ!"

"ಹೂಂ. ಗೋಡೆ ಹಾರಿ ಬಂದೆ." ಮೊಣಕಾಲು ತರಚಿತ್ತು.

"ಯಾಕೇ?"

ಮಗಳು ಸಾಹೇಬರನ್ನು ಒಮ್ಮೆ ನೋಡಿದಳು. ಅವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.

"ಅವ್ನ ಅಜ್ಜಿ ಹಲ್ಲುಸೆಟ್ಟು ಎಲ್ಲಿತ್ತು ಅಂತ ನಿಂಗೊತ್ತು. ಅವಳ ಬೆಕ್ಕಿನ ಮರಿಗಳ ಹೆಸರೆಲ್ಲ ಗೊತ್ತು. ಮನೇಲಿ ನಂಗೆ ಗ್ಯಾಸು, ಬೀಗ, ಹೋಂವರ್ಕು ಬಿಟ್ರೆ ಇನ್ನೇನೂ ಕೇಳಲ್ಲ ನೀನು. ಇಲ್ಲಿ ನಿಂತ್ರೆ ಕೇಳ್ತೀಯಲ್ಲ ಅಂತ ಬಂದೆ."

"ಏನು ಕೇಳ್ಬೇಕಿತ್ತು ಪುಟ್ಟಿ?"

"ಏನಾದ್ರೂ."

ಜೀವಮಾನದಲ್ಲಿ ಮೊದಲ ಸಲ ಹೆಡ್ ಮೇಡಂಗೆ ಒಂದೇ ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಅಷ್ಟು ಜನರ ಎದುರಿಗೆ ಕಣ್ಣು ತುಂಬಿಕೊಂಡಿತು.

"ಈ ಹುಡುಗಿ ಲೇಟಾಗೋಕೆ ಕಾರಣ ಏನಂತೆ ಮೇಡಂ?" ಸಾಹೇಬರು ಮೆಲ್ಲಗೆ ಕೇಳಿದರು.

"ನಾನು ಸಾರ್," ಎಂದರು ಹೆಡ್ ಮೇಡಂ. "ನನ್ನ ಮಗಳು. ಕಾರಣ ನಾನೇ."

ಸಾಹೇಬರು ಸ್ಟಾಫ್ ರೂಮಿನಲ್ಲಿ ಕೂತು ಮಿಕ್ಕಿದ್ದ ಬಿಸ್ಕತ್ತನ್ನೆಲ್ಲ ತಿಂದರು. ಆಮೇಲೆ ತೀರ್ಪು ಕೊಟ್ಟರು. ಕುರ್ಚಿ ಮೇಡಂದೇ, ಕಾಯಂ ಆಗಿ. ವಿಚಾರಣೆ ಬೆಲ್ಲಿಗೆ ಮುಂಚೆ, ಬೇಗ ಬಂದವರಿಗೆ ಮಾತ್ರ. ಬೆಲ್ ಆದಮೇಲೆ ಗೇಟು ಡ್ರಿಲ್ ಮೇಷ್ಟ್ರ ಸುಪರ್ದಿಗೆ, ಟಿ.ಸಿ. ಗೀಸಿ ಎಂದು ಬಾಯಿ ಬಿಡಬಾರದು, ಲೇಟಾದವರು ಮೈದಾನಕ್ಕೆ ಒಂದು ಸುತ್ತು ಓಡಿದರೆ ಸಾಕು. ಡ್ರಿಲ್ ಮೇಷ್ಟ್ರ ಮುಖ ಮೊದಲು ಸಪ್ಪಗಾಯಿತು. ಇಡೀ ಗೇಟು ಇನ್ನು ತಮ್ಮ ಸೀಟಿಯ ಅಧೀನ ಎಂಬುದು ಹೊಳೆದಮೇಲೆ ಅರಳಿತು.

ಮರುದಿನ ಬೆಳಗ್ಗೆ ಶಾಲೆಗೆ ಶಾಲೆಯೇ ಬೆಲ್ಲಿಗೆ ಮುಂಚೆ ಬಂದು ಸ್ಟೂಲಿನ ಎದುರು ಸಾಲು ನಿಂತಿತು. ಹಲ್ಲುಸೆಟ್ಟಿನ ಹುಡುಗ ಎಲ್ಲರಿಗಿಂತ ಮುಂದೆ. ಸ್ಟೂಲ್ ಮಾತ್ರ ಖಾಲಿ. ಗಂಟೆ ಮಾಮ ಕಾದು ಕಾದು ಸಾಕಾಗಿ ಗಂಟೆ ಹೊಡೆದ. ಮಕ್ಕಳು ಗೊಣಗುತ್ತ ಒಳಗೆ ಹೋದರು. ಡ್ರಿಲ್ ಮೇಷ್ಟ್ರು ಗೇಟು ಎಳೆದು, ಎದೆ ಸೆಟೆಸಿ ನಿಂತರು.

ಆಗ ರಸ್ತೆಯ ತಿರುವಿನಲ್ಲಿ ತಾಯಿಮಗಳು ಕಂಡರು. ಅವಸರವಿಲ್ಲದೆ, ಏನನ್ನೋ ಹೇಳಿಕೊಂಡು ನಗುತ್ತ ಬರುತ್ತಿದ್ದರು.

"ಯಾಕೆ ಲೇಟು ಮೇಡಂ?"

"ಮಗಳ ಜೊತೆ ಕೂತು ತಿಂಡಿ ತಿಂತಿದ್ದೆ ಮೇಷ್ಟ್ರೇ. ಮಾತು ಮುಗೀಲಿಲ್ಲ."

ಡ್ರಿಲ್ ಮೇಷ್ಟ್ರಿಗೆ ಒಂದು ಕ್ಷಣ ಸಂಕಟವಾಯಿತು. ಆದರೂ ಸೀಟಿ ಊದಿದರು. "ರೂಲ್ಸು ಅಂದ್ರೆ ರೂಲ್ಸು. ಒಂದು ಸುತ್ತು."

ಹೆಡ್ ಮೇಡಂ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡರು. ಕಿಟಕಿಗಳಲ್ಲೆಲ್ಲ ತಲೆಗಳು ತೂರಿಬಂದವು. ಮೇಡಂ ಎಮ್ಮೆಯ ಹಾಗೆ ಉಸಿರು ಬಿಡುತ್ತ ಓಡಿದರು. ಮಗಳು ಪಕ್ಕದಲ್ಲಿ ಆರಾಮವಾಗಿ ಓಡುತ್ತ, ಲೆಕ್ಕದ ಮಿಸ್ ಮೇಲೆ ತನಗಿರುವ ಸಿಟ್ಟು, ಗೆಳತಿ ಮಾತು ಬಿಟ್ಟದ್ದು, ಅಪ್ಪನನ್ನು ಕಂಡು ಎಷ್ಟು ದಿನವಾಯಿತು ಎನ್ನುವುದು, ಒಂದೊಂದಾಗಿ ಹೇಳಿಕೊಂಡು ಬಂದಳು. ಮೇಡಂ ಸಿಕ್ಕ ಉಸಿರಿನಲ್ಲಿ "ಯಾಕೆ?", "ಆಮೇಲೆ?" ಎನ್ನುತ್ತಿದ್ದರು. ಸುತ್ತು ಮುಗಿದು ಡ್ರಿಲ್ ಮೇಷ್ಟ್ರ ಮುಂದೆ ಬಂದು ನಿಂತಾಗ ಮೇಡಂಗೆ ಕಣ್ಣು ಕತ್ತಲೆ ಬಂದಿತ್ತು.

"ಆಯ್ತು, ಕ್ಲಾಸಿಗೆ ಹೋಗಿ," ಎಂದರು ಮೇಷ್ಟ್ರು.

ಮಗಳು ಅಮ್ಮನ ಮುಖ ನೋಡಿದಳು. "ಹೇಳೋದು ಇನ್ನೂ ಅರ್ಧ ಬಾಕಿ ಇದೆ ಅಮ್ಮ."

ಹೆಡ್ ಮೇಡಂ ಸೊಂಟದ ಮೇಲೆ ಕೈಯಿಟ್ಟು ಒಮ್ಮೆ ದೀರ್ಘವಾಗಿ ಉಸಿರೆಳೆದುಕೊಂಡರು.

"ಮೇಷ್ಟ್ರೇ," ಎಂದರು, "ಇನ್ನೊಂದು ಸೀಟಿ ಊದಿ."