ಎರಡು ಮನೆ ಕೆಳಗೆ

ಹಾಡಿನ ನಟ್ಟನಡುವೆ ಕರೆಂಟು ಹೋಯಿತು.

ಹೊಸ ಸೋಫಾ ಅಂಗಡಿಯ ಉದ್ಘಾಟನೆ, ಮಧ್ಯಾಹ್ನ ಹನ್ನೆರಡು ಗಂಟೆ. ಜನ ಬೆಲೆಚೀಟಿ ನೇತಾಡುವ ಸೋಫಾಗಳ ಮೇಲೆಯೇ ಕಾಲುಚಾಚಿ ಕೂತಿದ್ದರು. ಇಪ್ಪತ್ತು ವರ್ಷದ ಹಿಂದೆ ಇದೇ ಬ್ಯಾಂಡನ್ನು ನೋಡೋದಕ್ಕೆ ಜನ ಸ್ಟೇಡಿಯಂ ಗೇಟು ಮುರಿದಿದ್ದರು ಎಂದರೆ ಈಗ ಯಾರು ನಂಬುತ್ತಾರೆ? ಅದೆಲ್ಲ ಒಂದೇ ಒಂದು ಹಾಡಿನ ಮಹಿಮೆ. ಬಿಟ್ಟುಹೋಗುವವಳಿಗೆ 'ನಿಲ್ಲು' ಎಂದು ಬೇಡುವ ಹಾಡು. ಆಮೇಲೆ ನಾಲ್ಕು ಆಲ್ಬಂ ಮಾಡಿದರು, ನಾಯಿಯೂ ಮೂಸಲಿಲ್ಲ. ಡ್ರಮ್ ಬಾರಿಸುವವನು ಟೈರ್ ಅಂಗಡಿ ಇಟ್ಟುಕೊಂಡ. ಉಳಿದವರು ಹಾಡುವ ಅಣ್ಣ, ಕೀಬೋರ್ಡಿನ ತಮ್ಮ, ಗಿಟಾರಿನ ಕಡ್ಡಿ. ಕಡ್ಡಿ ಎನ್ನುವುದು ಅವನು ಸಣಕಲಾಗಿದ್ದಾಗ ಬಿದ್ದ ಹೆಸರು. ಈಗ ಗಿಟಾರು ಅವನ ಹೊಟ್ಟೆಯ ಮೇಲೆ ಅಂಗಾತ ಮಲಗುತ್ತದೆ.

ಇವತ್ತು ಮುಂದಿನ ಸೋಫಾದಲ್ಲಿ ರೆಕಾರ್ಡಿಂಗ್ ಕಂಪನಿಯವನು ಕೂತಿದ್ದ. ಹಾಡಿಗೆ ಇಪ್ಪತ್ತು ತುಂಬಿದ್ದಕ್ಕೆ ಟೀವಿಯಲ್ಲಿ ದೊಡ್ಡ ಕಾರ್ಯಕ್ರಮವಂತೆ. ಅಣ್ಣನ ದನಿ ಇನ್ನೂ ನಿಂತಿದೆಯೋ ಬಿದ್ದಿದೆಯೋ ನೋಡಿಕೊಂಡು ಹೋಗಲು ಬಂದಿದ್ದ.

"ಅದೇ ಸ್ಕೇಲ್ ಸಾರ್," ಎಂದಿದ್ದ ಅಣ್ಣ, ಬೆಳಿಗ್ಗೆ ಅವನ ಕೈ ಕುಲುಕುತ್ತಾ. "ಇಪ್ಪತ್ತು ವರ್ಷದಲ್ಲಿ ಕೂದಲೆಳೆಯಷ್ಟೂ ಇಳಿಸಿಲ್ಲ. ಇಳಿಸಿದ ದಿವಸ ಮೈಕು ಕೆಳಗಿಟ್ಟು ಹೋಗ್ತೀನಿ."

ತಮ್ಮ ಆಗ ಬಗ್ಗಿ ವೈರು ಹುಡುಕುವ ನಾಟಕ ಮಾಡಿದ. ಅಣ್ಣ ಹೇಳಿದ್ದು ಹಸಿ ಸುಳ್ಳು, ಆದರೆ ಅದು ಸುಳ್ಳೆಂದು ಅವನಿಗೇ ಗೊತ್ತಿಲ್ಲ. ಒಂಬತ್ತು ವರ್ಷದ ಹಿಂದೆ ಅಣ್ಣನ ಗಂಟಲು 'ನಿಲ್ಲು' ಎನ್ನುವಲ್ಲಿ ಒಡೆಯತೊಡಗಿದಾಗ, ತಮ್ಮ ಕೀಬೋರ್ಡಿನ ಮೂಲೆಯ ಗುಂಡಿ ಒತ್ತಿ ಶ್ರುತಿಯನ್ನು ಒಂದು ಮನೆ, ಅಂದರೆ ಒಂದು ಪೂರ್ತಿ ಸ್ವರದಷ್ಟು, ಇಳಿಸಿದ್ದ. ಬೆರಳು ಆಡುವುದು ಹಳೆಯ ಜಾಗದಲ್ಲೇ, ಸ್ವರ ಮಾತ್ರ ಕೆಳಗೆ. ಕಡ್ಡಿ ಪಿಟ್ಟೆನ್ನದೆ ತಂತಿ ಸಡಿಲಿಸಿದ. ಎರಡು ವರ್ಷ ಬಿಟ್ಟು ಅರ್ಧ ಮನೆ, ಆಮೇಲೆ ಇನ್ನೂ ಅರ್ಧ. ಈಗ ಎರಡು ಮನೆ ಕೆಳಗೆ. ಹಳೆಯ ರೆಕಾರ್ಡು ಹಾಕಿ ಕೇಳಿದ್ದರೆ ಬಣ್ಣ ಬಯಲಾಗುತ್ತಿತ್ತು. ಅಣ್ಣ ಕೇಳುತ್ತಿರಲಿಲ್ಲ. "ತನ್ನ ಹಾಡು ತಾನೇ ಕೇಳೋನು ಕನ್ನಡಿ ಮುಂದೆ ಊಟಕ್ಕೆ ಕೂತೋನು," ಎನ್ನುತ್ತಿದ್ದ.

ಇಷ್ಟೇ ಆಗಿದ್ದರೆ ಪುಣ್ಯದ ಕೆಲಸ ಎನ್ನಬಹುದಿತ್ತು. ಆದರೆ ಆ ಹಾಡಿನಲ್ಲಿ ಅತ್ತಿಗೆಯದೂ ಒಂದು ದನಿ ಇತ್ತು. ಕೊನೆಯ ಸಾಲಲ್ಲಿ ಅಣ್ಣ ಮೇಲೇರಿದರೆ ಅವಳು ಕೆಳಗೆ ನಿಂತು ಹಿಡಿಯುತ್ತಿದ್ದಳು, ಹೆಂಗಸಿನ ದನಿ ಇಳಿಯಬಲ್ಲಷ್ಟು ಕೆಳಗೆ. ಅದಕ್ಕಿಂತ ಒಂದು ಮನೆ ಕೆಳಗಿಳಿ ಎಂದರೆ ಅವಳಾದರೂ ಏನು ಮಾಡಿಯಾಳು? ಬರೀ ಗಾಳಿ ಬಂತು. ಮೂರು ಕಾರ್ಯಕ್ರಮ ಒದ್ದಾಡಿದಳು. "ನಿನ್ನ ಗಂಟಲು ಹೋಯ್ತು ಕಣೆ. ಸುಮ್ನೆ ಮನೇಲಿ ಕೂತ್ಕೋ," ಎಂದ ಅಣ್ಣ, ಎಲ್ಲರ ಎದುರಿಗೆ. ಅವತ್ತು ಸಂಜೆ ಅವಳು ಮೈದುನನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಕೇಳಿದಳು. "ನಿಜ ಹೇಳಪ್ಪ, ನಂಗೆ ಏನಾಗಿದೆ?"

"ಸ್ವಲ್ಪ ದಿವಸ ರೆಸ್ಟ್ ತಗೊಳ್ಳಿ ಅತ್ತಿಗೆ," ಎಂದಿದ್ದ ಅವನು.

ಆ ಸ್ವಲ್ಪ ದಿವಸ ಇನ್ನೂ ಮುಗಿದಿಲ್ಲ. ಅವಳೀಗ ಪಾತ್ರೆ ತೊಳೆಯುವಾಗಲೂ ಗುನುಗುವುದಿಲ್ಲ. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಗಂಡನಿಗೆ ಫೋನು ಮಾಡಿ "ಹೇಗಾಯ್ತು?" ಎಂದು ಕೇಳುತ್ತಾಳೆ, ಅಷ್ಟೇ.

ಕರೆಂಟು ಬಂತು. ಜನ ಚಪ್ಪಾಳೆ ತಟ್ಟಿದರು. ಕೊನೆಯ ಚರಣದಿಂದ ಎಂದು ಅಣ್ಣ ಸನ್ನೆ ಮಾಡಿದ. ತಮ್ಮ ಬೆರಳಿಟ್ಟ, ಮೊದಲ ಸ್ವರ ಕಿವಿಗೆ ಬಿದ್ದದ್ದೇ ತಪ್ಪು ಗೊತ್ತಾಯಿತು. ಕರೆಂಟು ಹೋಗಿಬಂದರೆ ಆ ದರಿದ್ರ ಗುಂಡಿ ಎಲ್ಲ ಮರೆತು ಸೊನ್ನೆಗೆ ನಿಲ್ಲುತ್ತದೆ. ಗೊತ್ತಿದ್ದವನೇ ಮರೆತಿದ್ದ. ಕಡ್ಡಿಯ ಗಿಟಾರು ಅಪಸ್ವರ ಕಿರುಚಿತು, ಅವನು ತಟ್ಟನೆ ತಂತಿಗಳ ಮೇಲೆ ಅಂಗೈ ಒತ್ತಿದ. ಅಣ್ಣ ಆಗಲೇ ಶ್ರುತಿ ಹಿಡಿದು ಹಾಡತೊಡಗಿದ್ದ. ಈಗ ಇಳಿಸಿದರೆ ಹಾಲು ಕುಡಿಯುವ ಮಗುವಿಗೂ ಗೊತ್ತಾಗುತ್ತದೆ. ನಿಲ್ಲಿಸೋಣವೆಂದರೆ ಎದುರಿಗೇ ಕಂಪನಿಯವನು. ಅಯ್ಯೋ, ಇವತ್ತೊಂದು ದಿವಸ ಅಣ್ಣ ಆ ಸ್ವರ ಮುಟ್ಟಿಬಿಡಲಿ ಎಂದು ತಮ್ಮ ಬಾರಿಸುತ್ತಲೇ ಹೋದ.

ಮುಟ್ಟಲಿಲ್ಲ. 'ನಿಲ್ಲು' ಎನ್ನುವಲ್ಲಿ ಅಣ್ಣನ ಕುತ್ತಿಗೆಯ ನರ ಉಬ್ಬಿತು, ದನಿ ಕೀರಲಾಗಿ ಸೀಳಿಹೋಯಿತು, ಆಮೇಲೆ ಬರೀ ಕೆಮ್ಮು. "ನಿಲ್ಸು ನಿಲ್ಸು!" ಎಂದು ಹಿಂದಿನಿಂದ ಯಾರೋ ಕೂಗಿದ. ಇಡೀ ಅಂಗಡಿ ನಕ್ಕಿತು.

ಕಂಪನಿಯವನು ಹೋಗುವ ಮುಂಚೆ ಅಣ್ಣನ ಬೆನ್ನು ತಟ್ಟಿದ. "ಗಂಟಲು ನೋಡ್ಕೊಳ್ಳಿ. ನಾವೇ ಫೋನ್ ಮಾಡ್ತೀವಿ."

ಮಾಡುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು.

ಜನ ಖಾಲಿಯಾದ ಮೇಲೆ ಅಣ್ಣ ಕೀಬೋರ್ಡಿನ ಹತ್ತಿರ ಬಂದ. "ಸ್ಕೇಲ್ ಯಾಕೋ ಏರಿಸಿದೆ?"

"ಏರಿಸಲಿಲ್ಲ ಅಣ್ಣ. ಇವತ್ತು ಬಂದಿದ್ದೇ ಅಸಲಿ ಸ್ಕೇಲು."

"ಎಷ್ಟು ಇಳಿಸಿದ್ದೆ?"

"ಎರಡು ಮನೆ."

"ಯಾವಾಗಿಂದ?"

"ಒಂಬತ್ತು ವರ್ಷ ಆಯ್ತು."

ಅಣ್ಣ ಹೊಡೆಯಲು ಕೈಯೆತ್ತಿದ. "ನಿನಗೋಸ್ಕರಾನೇ ಕಣೋ," ಎಂದು ಕಡ್ಡಿ ನಡುವೆ ಬಂದ. ಅದು ಅಣ್ಣನಿಗೆ ಕೇಳಿಸಿದಂತಿರಲಿಲ್ಲ. ಎತ್ತಿದ ಕೈ ಹಾಗೇ ನಿಂತಿತು, ಮುಖದಿಂದ ಸಿಟ್ಟು ಇಳಿದು ಹೆದರಿಕೆ ಬಂತು.

"ಒಂಬತ್ತು ವರ್ಷ," ಎಂದ. "ಹಾಗಾದ್ರೆ ಅವಳ ಗಂಟಲು?"

"ಅತ್ತಿಗೆ ಗಂಟಲಿಗೆ ಏನೂ ಆಗಿರ್ಲಿಲ್ಲ."

ಅಣ್ಣ ಪಕ್ಕದ ಸೋಫಾದ ಮೇಲೆ ಕುಸಿದು ಕೂತ. ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಯಾರದೆಂದು ನೋಡಬೇಕಾಗಿರಲಿಲ್ಲ. ತೆಗೆದು ತಮ್ಮನ ಕಡೆ ಚಾಚಿದ.

"ತಗೋ. ನೀನೇ ಹೇಳು."

ಕಡ್ಡಿ ಆ ಕಡೆ ತಿರುಗಿ ವೈರು ಸುತ್ತತೊಡಗಿದ. ತಮ್ಮ ಫೋನು ಕಿವಿಗಿಟ್ಟ.

"ಹಲೋ? ಯಾಕ್ರೀ ಮಾತಾಡ್ತಿಲ್ಲ?" ಎಂದಳು ಅತ್ತಿಗೆ. "ಹೇಗಾಯ್ತು?"

ಅವಳ ದನಿ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ.