ಎಂಟನೇ ಕಂತು

ಬಡಗಿಯ ಎತ್ತರ ಮೂರೂವರೆ ಅಡಿ. ಅವನ ಹೆಂಡತಿ, ಹೊಲಿಗೆಯವಳು, ಅವನಿಗಿಂತ ಎರಡು ಬೆರಳು ಗಿಡ್ಡ. ಮನೆಯ ಕಪಾಟು, ಚಿಲಕ, ಒಲೆಯ ಕಟ್ಟೆ ಎಲ್ಲವನ್ನೂ ಅವನು ತಮ್ಮ ಕೈಗೆಟುಕುವಂತೆ ಇಳಿಸಿಕೊಂಡಿದ್ದ. ಬಂದವರೇ ಸೊಂಟ ಬಗ್ಗಿಸಬೇಕಿತ್ತು.

“ನಮ್ಮನೇಲಿ ಎಲ್ರೂ ತಲೆ ತಗ್ಗಿಸೇ ಮಾತಾಡೋದು, ಅಷ್ಟು ಮರ್ಯಾದೆ ನಮಗೆ,” ಎಂದು ಅವಳು ನಗುತ್ತಿದ್ದಳು.

ಆ ನಗು ಕಂಡೇ ಟಿವಿಯವರು ಇವರ ಸಂಸಾರವನ್ನು ತಮ್ಮ ರಿಯಾಲಿಟಿ ಶೋಗೆ ಆರಿಸಿಕೊಂಡದ್ದು. ಗಂಡ ಹಿಂಜರಿದ. “ಬೀದೀಲಿ ಹೇಗೂ ಕಣ್ಣು ಬಿಟ್ಕೊಂಡು ನೋಡ್ತಾರೆ. ಒಂದ್ಸಲ ಸರಿಯಾಗಿ ನೋಡ್ಲಿ ಬಿಡಿ,” ಎಂದು ಅವಳೇ ಒಪ್ಪಿಸಿದಳು.

ಏಳು ಕಂತುಗಳು ನಗುನಗುತ್ತಲೇ ಮುಗಿದವು. ಅಷ್ಟರಲ್ಲಿ ಅವಳು ಬಸುರಿಯಾದಳು. ನಿರ್ದೇಶಕಿ ಹಿರಿಹಿರಿ ಹಿಗ್ಗಿದಳು. ಐದನೇ ತಿಂಗಳ ಸ್ಕ್ಯಾನಿಂಗಿಗೆ ಕ್ಯಾಮೆರಾವೂ ಜೊತೆಗೆ ಹೋಯಿತು.

ಡಾಕ್ಟರು ವರದಿಯನ್ನು ಎರಡೆರಡು ಸಲ ಓದಿದರು. “ಇವರೆಲ್ಲ ಸ್ವಲ್ಪ ಹೊರಗಿರ್ಲಿ,” ಎಂದರು.

“ಇರ್ಲಿ ಡಾಕ್ಟ್ರೇ, ಹೇಳಿ. ಮಗು ಗಿಡ್ಡ ತಾನೆ? ನಮ್ಮ ಹಾಗೇ ಇರ್ಲಿ ಅಂತಾನೇ ನಮ್ಮಾಸೆ,” ಎಂದಳು ಅವಳು.

“ಗಿಡ್ಡತನ ಒಬ್ಬರಿಂದ ಬಂದಿದ್ರೆ ನಿಮ್ಮ ಹಾಗೇ ಬೆಳೀತಿತ್ತಮ್ಮ. ಇಬ್ಬರಿಂದ್ಲೂ ಬಂದುಬಿಟ್ಟಿದೆ. ಎದೆಗೂಡು ಬೆಳೆಯಲ್ಲ. ಹುಟ್ಟಿದ ಮೇಲೆ ಉಸಿರಾಡೋಕಾಗಲ್ಲ.”

ಅವಳ ಮುಖದ ನಗು ಇಳಿಯಲು ಒಂದು ಗಳಿಗೆ ಹಿಡಿಯಿತು. ಬಡಗಿ ಎದ್ದು ಕ್ಯಾಮೆರಾಕ್ಕೆ ಅಂಗೈ ಅಡ್ಡ ಹಿಡಿಯಲು ಹೋದ. ಅದು ಎತ್ತರದ ಆಳಿನ ಹೆಗಲ ಮೇಲಿತ್ತು; ಕೈ ಎಟುಕಲಿಲ್ಲ. ಆ ಆಳಿನ ಅಂಗಿಯ ಚುಂಗು ಹಿಡಿದು ಜಗ್ಗಿದ. “ನಿಲ್ಸಪ್ಪಾ, ಕೈ ಮುಗೀತೀನಿ.”

ಕ್ಯಾಮೆರಾದವನು ನಿರ್ದೇಶಕಿಯ ಕಡೆ ನೋಡಿದ. ಅವಳು ನಿಲ್ಲಿಸಬೇಡವೆಂದು ತಲೆಯಾಡಿಸಿದಳು.

ಎಂಟನೇ ಕಂತಾಗಿ ಅದು ಪ್ರಸಾರವಾಯಿತು. ಇವರು ಮೊದಲೇ ಸಹಿ ಹಾಕಿಕೊಟ್ಟ ಕಾಗದ ಚಾನೆಲ್ಲಿನವರ ಬಳಿ ಇತ್ತು. ನೋಡಿದವರೆಲ್ಲ ಅತ್ತರಂತೆ; ಗುರುತಿಲ್ಲದವರು ಮನೆಗೆ ಹೂಗುಚ್ಛ ಕಳಿಸಿದರು. ಗಂಡಹೆಂಡಿರು ಆ ಕಂತನ್ನು ನೋಡಲಿಲ್ಲ. ಹೆರಿಗೆಗೆ ಯಾರನ್ನೂ ಹತ್ತಿರ ಸೇರಿಸಲಿಲ್ಲ.

ಹೆಣ್ಣುಮಗು. ತಾಯಿಯ ಎದೆಯ ಮೇಲೆ ಒಂದೂವರೆ ಗಂಟೆ ಇದ್ದು ಹೋಯಿತು.

ಮಣ್ಣು ಮಾಡಿ ಬಂದ ಮೂರನೇ ವಾರ ಅವಳಿಗೆ ಹೊಳೆಯಿತು: ಕ್ಯಾಮೆರಾ ಬೇಡ ಬೇಡವೆಂದು ಮಗುವಿನ ಒಂದು ಫೋಟೋವನ್ನೂ ತೆಗೆದಿರಲಿಲ್ಲ. ಸ್ಕ್ಯಾನಿಂಗಿನ ಪರದೆಯಲ್ಲಾದರೂ ಕಂಡೀತೆಂದು ಆ ಕಂತನ್ನು ಹಾಕಿಸಿ ನೋಡಿದಳು. ಉದ್ದಕ್ಕೂ ಇದ್ದದ್ದು ಅವಳದೇ ಮುಖ.

ಬಡಗಿ ಚಾನೆಲ್ಲಿನ ಕಚೇರಿಗೆ ಹೋಗಿ ಕಂತಿಗೆ ಹಾಕದೆ ಉಳಿದ ದೃಶ್ಯಗಳನ್ನು ಕೇಳಿದ. ಅಳಿಸಿಹಾಕಿದ್ದಾಯಿತು ಎಂದರು. ಲಿಫ್ಟಿನ ಬಳಿ ಇಬ್ಬರು ಹುಡುಗಿಯರು ಅವನ ಪಕ್ಕ ಮಂಡಿಯೂರಿ ಸೆಲ್ಫಿ ತೆಗೆದುಕೊಂಡರು. ಅವನು ಬೇಡವೆನ್ನಲಿಲ್ಲ.

ಮನೆಗೆ ಬಂದು ಇದ್ದದ್ದನ್ನು ಇದ್ದಂತೆ ಹೇಳಿದ. ಅವಳು ಕೇಳಿದಳು: “ಮೂಗು ಯಾರ ಥರ ಇತ್ತು ಹೇಳಿ?”

“ನಿನ್ನ ಥರಾನೇ. ಮೊಂಡು ಮೂಗು.”

“ಇಲ್ಲಪ್ಪ, ನಿಮ್ಮಮ್ಮನ ಥರ ಚೂಪಿತ್ತು,” ಎಂದಳು.

ಸಂಜೆಯವರೆಗೂ ಮಾತಾಡಿದರು. ಕಣ್ಣು, ಹಣೆ, ಕಿವಿ, ಯಾವುದರಲ್ಲೂ ಇಬ್ಬರ ನೆನಪು ಹೊಂದಲಿಲ್ಲ.