ಒಂಬತ್ತನೇ ಮಹಡಿಯ ಗೆರೆ

“ಪೋರ್ಟ್‌ಫೋಲಿಯೊ ಮಾಡ್ಕೊಂಡ್ ಬಾ ಅಂದ್ರೆ ಬಣ್ಣದಂಗಡಿ ಶೇಡ್ ಕಾರ್ಡ್ ತಂದಿದ್ದೀಯಲ್ಲಯ್ಯಾ! ಇಲ್ಲಿಗೆ ಬರೋರು ಬಾತ್‌ರೂಮಿಗೆ ಬಣ್ಣ ಹೊಡ್ಸೋಕೆ ಬರ್ತಾರೆ ಅಂದ್ಕೊಂಡ್ಯಾ?”

ಗ್ಯಾಲರಿ ಯಜಮಾನ ನಮ್ಮ ಆಲ್ಬಮನ್ನು ಮೇಜಿನ ಮೇಲೆ ಎಸೆದು ನಕ್ಕ. ಭಾವನೂ ನಕ್ಕರು. ನನಗೆ ನಗು ಬರಲಿಲ್ಲ. ಅದರ ಫೋಟೊಗಳಿಗೆ ಅಂಟು ಹಚ್ಚಿದವಳು ನಾನು.

ನಮಗೆ ತಿಳಿದದ್ದು ಅಷ್ಟೇ. ಮನೆ ಕಟ್ಟಿಸಿದವರು ಶೇಡ್ ಕಾರ್ಡ್ ನೋಡಿ ಬಣ್ಣ ಆರಿಸುತ್ತಾರೆ. ಚಿತ್ರ ಕೊಳ್ಳುವವರೂ ಹಾಗೇ ಇರಬೇಕೆಂದು ಭಾವ ತಮ್ಮ ಇಪ್ಪತ್ತನಾಲ್ಕು ಚಿತ್ರಗಳ ಫೋಟೊಗಳನ್ನು ಬೆಂಕಿಪೊಟ್ಟಣದ ಅಳತೆಗೆ ಕತ್ತರಿಸಿ, ಹಾಳೆಗೆ ಎಂಟರಂತೆ, ತಿಳಿ ಬಣ್ಣದಿಂದ ಗಾಢಕ್ಕೆ ಜೋಡಿಸಿದ್ದರು. ಕೆಳಗೆ ನಂಬರು.

ಭಾವನದು ಎತ್ತರದ ಕಟ್ಟಡಗಳಿಗೆ ಹಗ್ಗದಲ್ಲಿ ತೂಗಿಕೊಂಡು ಬಣ್ಣ ಹೊಡೆಯುವ ಕೆಲಸ. ನಾನು ಕೆಳಗೆ ಬಣ್ಣ ಕಲಸುತ್ತೇನೆ. ಊಟದ ಬಿಡುವಿನಲ್ಲಿ ಅವರು ಡಬ್ಬದ ತಳದ ಬಣ್ಣದಿಂದ ಪ್ಲೈವುಡ್ ತುಂಡುಗಳ ಮೇಲೆ ಚಿತ್ರ ಬರೆಯುತ್ತಾರೆ. ಅವರ ತಮ್ಮ ನನ್ನ ಗಂಡ. ಸತ್ತು ಐದು ತಿಂಗಳಾಯಿತು.

“ಹನ್ನೆರಡು ಸಾಕು,” ಎಂದ ಯಜಮಾನ. “ಎಲ್ಲಾ ಒಂದೇ ಥರ ಇರ್ಬೇಕು. ಈ ನಗ್ತಿರೋ ಹೆಂಗಸ್ರನ್ನ ತೆಗಿ. ಬಡವ್ರು ನಗ್ತಿದ್ರೆ ಯಾರಯ್ಯಾ ಕೊಳ್ತಾರೆ? ಮೇಸ್ತ್ರಿ ಒದೀತಿರೋದೂ ಬೇಡ, ಊಟದ ಕೋಣೇಲಿ ನೇತುಹಾಕೋಕಾಗಲ್ಲ. ಆಮೇಲೆ ನಿಂದೊಂದು ಫೋಟೊ. ಇಸ್ತ್ರಿ ಅಂಗಿ ಬೇಡ, ಕೆಲಸದ್ದು ಹಾಕ್ಕೋ. ಕೈ ತೊಳ್ಕೊಂಡ್ ಬರ್ಬೇಡ.”

“ತೊಳೆದ್ರೂ ಹೋಗಲ್ಲ ಸಾರ್.”

“ಭೇಷ್. ಅದನ್ನೇ ಫೋಟೊ ಕೆಳಗೆ ಬರ್ಸೋಣ.”

ಹತ್ತೊಂಬತ್ತನೇ ನಂಬರಿಗೆ ಬಂದಾಗ ಅವನ ಬೆರಳು ನಿಂತಿತು. “ಇದು ಕೊನೇದು. ಕೊಳ್ಳೋರಿಗೆ ಕೊನೇ ಚಿತ್ರ ಮನಸ್ಸಲ್ಲಿ ಉಳೀಬೇಕು.”

ಚಿತ್ರದಲ್ಲಿ ಹದಿನಾರು ಮಹಡಿಯ ಕಟ್ಟಡ, ಹಲಗೆಯ ಮೇಲೆ ಕೂತು ಬಣ್ಣ ಹೊಡೆಯುತ್ತಿರುವ ನನ್ನ ಗಂಡ. ಅವನ ತಲೆಯ ಮೇಲೆ ಹಳದಿ, ಕಾಲ ಕೆಳಗೆ ಬರಿ ಸಿಮೆಂಟು. ನಾವು ಮೇಲಿನಿಂದ ಕೆಳಕ್ಕೆ, ದಿನಕ್ಕೊಂದು ಮಹಡಿ ಮುಗಿಸುತ್ತೇವೆ. ಬಣ್ಣದ ಗೆರೆ ಎಲ್ಲಿದೆಯೆಂದು ನೋಡಿದರೆ ಕೆಲಸ ಎಷ್ಟಾಗಿತ್ತೆಂದು ಹೇಳಬಹುದು. ಚಿತ್ರದಲ್ಲಿ ಗೆರೆ ಒಂಬತ್ತನೇ ಮಹಡಿಯಲ್ಲಿತ್ತು. ಮರುದಿನ ಎಂಟರಲ್ಲಿ ಹಗ್ಗ ಹರಿಯಿತು.

ನಾನು ಪರಿಹಾರಕ್ಕೆ ಅರ್ಜಿ ಹಾಕಿದಾಗ ಬಿಲ್ಡರ್ ಕಾರ್ಮಿಕ ಇಲಾಖೆಗೆ ಬರೆದುಕೊಟ್ಟದ್ದು ಬೇರೆ: ಬಣ್ಣದ ಕೆಲಸ ಹಿಂದಿನ ತಿಂಗಳೇ ಮುಗಿದಿತ್ತು, ಅಂದು ಕಟ್ಟಡದ ಮೇಲೆ ಯಾರೂ ಇರಲಿಲ್ಲ, ರಿಜಿಸ್ಟರಿನಲ್ಲಿ ಅಂಥ ಹೆಸರಿಲ್ಲ. “ಪುರಾವೆ ತಗೊಂಡ್ ಬಾ,” ಎಂದಿದ್ದ ಅಧಿಕಾರಿ, “ಅಳು ಪುರಾವೆ ಆಗಲ್ಲ.”

ಪುರಾವೆ ಆ ಪ್ಲೈವುಡ್ಡೇ. ಬಣ್ಣದ ಡಬ್ಬದ ಮುಚ್ಚಳದ ಮೇಲೆ ದಿನವೂ ತಾರೀಖು ಬರೆದು ಮೇಸ್ತ್ರಿಯಿಂದ ಸಹಿ ಹಾಕಿಸುವುದು ನಮ್ಮ ಕೆಲಸದ ರೂಢಿ. ಚಿತ್ರ ಬರೆದ ದಿನ ಅವನು ತಮಾಷೆಗೆ ಚಿತ್ರದ ಬೆನ್ನಿಗೂ ತಾರೀಖು ಹಾಕಿ ಸಹಿ ಮಾಡಿದ್ದ. ಸೋಮವಾರ ವಿಚಾರಣೆ.

“ಶನಿವಾರ ಪ್ರದರ್ಶನದಲ್ಲಿ ಒಂದಿನ ಗೋಡೆ ಮೇಲಿರ್ಲಿ ಕಣಮ್ಮಾ,” ಎಂದರು ಭಾವ. “ಅದಿಲ್ದಿದ್ರೆ ಬೇರೇವೂ ಹಾಕಲ್ಲ ಅಂತಾನೆ. ಸೋಮವಾರ ನಿನ್ನ ಕೈಗೆ.” ಅವರಿಗೆ ನಲವತ್ತೆಂಟು ವರ್ಷ; ಯಾರಲ್ಲೂ ಏನನ್ನೂ ಕೇಳಿದ್ದು ನಾನು ಕಂಡಿಲ್ಲ. ಒಪ್ಪಿದೆ.

ಶನಿವಾರ ಭಾವ ಕೊಳಕು ಅಂಗಿಯಲ್ಲಿ ಗೋಡೆಗೆ ಒರಗಿ ನಿಂತರು. ಕೊಳ್ಳುವವರು ಚಿತ್ರಗಳಿಗಿಂತ ಅವರ ಉಗುರುಗಳನ್ನೇ ಹೆಚ್ಚು ಹೊತ್ತು ನೋಡಿದರು. ಒಬ್ಬಾಕೆ ಮುಟ್ಟಿಯೂ ನೋಡಿದಳು.

ಸಂಜೆ ಐದಕ್ಕೆ ಬಿಲ್ಡರ್ ಬಂದ. ಕೊನೆಯ ಚಿತ್ರದ ಮುಂದೆ ನಿಂತ. ಕೆಳಗಿಳಿಸಿ, ತಿರುಗಿಸಿ, ಬೆನ್ನಿಗೆ ಬರೆದದ್ದನ್ನು ಓದಿ, ಮತ್ತೆ ನೇತುಹಾಕಿದ. ಯಜಮಾನನ ಕಿವಿಯಲ್ಲಿ ಏನೋ ಹೇಳಿದ. ಯಜಮಾನ ಒಳಗೆ ಹೋಗಿ ಹಳದಿ ಡಬ್ಬ, ಬ್ರಷ್ ತಂದು ಭಾವನ ಮುಂದೆ ಇಟ್ಟ.

“ನಿನ್ನ ಅದೃಷ್ಟ ಕಣಯ್ಯಾ. ಸಾಹೇಬ್ರು ಹನ್ನೆರಡೂ ತಗೋತಾರೆ. ಒಂದೇ ಮಾತು, ಈ ಕಟ್ಟಡ ಅರ್ಧಂಬರ್ಧ ಕಾಣ್ತಿದೆ. ಕೆಳಗೂ ಹಳದಿ ಎಳೆದ್ಬಿಡು.”

“ಅಲ್ಲಿ ಮನುಷ್ಯ ಕೂತಿದ್ದಾನಲ್ಲ ಸಾರ್?”

“ಅವನ ಮೇಲೂ ಎಳಿ. ಹಗ್ಗ ಬೇಕಾದ್ರೆ ಇರ್ಲಿ, ಚೆನ್ನಾಗಿದೆ.”

ಬೆನ್ನಿಗೆ ಆ ತಾರೀಖು, ಮೇಸ್ತ್ರಿಯ ಸಹಿ; ಮುಂದೆ ಪೂರ್ತಿ ಹಳದಿ ಕಟ್ಟಡ. ಹಾಗೆ ಎಳೆದರೆ ನನ್ನ ಗಂಡನ ಚಿತ್ರವೇ ಬಿಲ್ಡರನ ಪರ ಸಾಕ್ಷಿ ಹೇಳುತ್ತಿತ್ತು.

ಭಾವ ಬ್ರಷ್ ತೆಗೆದುಕೊಂಡರು. ಅದ್ದಿದರು. ಹೆಚ್ಚಾದ ಬಣ್ಣವನ್ನು ಅಭ್ಯಾಸದಂತೆ ಡಬ್ಬದ ಅಂಚಿಗೆ ಒರೆಸಿದರು. ನಾನು ಹೋಗಿ ಗೆರೆಯ ಕೆಳಗೆ ಅಂಗೈ ಊರಿದೆ.

“ಎಳೀರಿ ಭಾವಾ. ನನ್ನ ಕೈ ಮೇಲೇ ಎಳೀರಿ.”

“ಯಾರಿವಳು?” ಎಂದ ಬಿಲ್ಡರ್.

“ನಿಮ್ಮ ರಿಜಿಸ್ಟರಲ್ಲಿ ಇಲ್ದಿರೋನ ಹೆಂಡ್ತಿ.”

“ಏಯ್, ಕೈ ತೆಗಿಯಮ್ಮಾ, ಜನ ನೋಡ್ತಿದ್ದಾರೆ,” ಎಂದ ಯಜಮಾನ. “ಹೇಳಯ್ಯಾ ಇವಳಿಗೆ! ಹನ್ನೆರಡು ಚಿತ್ರ! ನಾಳೆಯಿಂದ ನೀನು ಹಗ್ಗ ಹಿಡಿಯೋದೇ ಬೇಡ.”

ಭಾವ ನನ್ನ ಕೈ ನೋಡಿದರು. ಬೆರಳುಗಳ ಸಂದಿನಲ್ಲಿ ಅವರ ತಮ್ಮನ ಭುಜ ಕಾಣುತ್ತಿತ್ತು. ಅವರು ಬ್ರಷ್ಷನ್ನು ತಿರುಗಿಸಿ ಹಿಡಿಯನ್ನು ಬಿಲ್ಡರನ ಕಡೆ ಚಾಚಿದರು. ಏನು ಕೊಟ್ಟರೂ ತೆಗೆದುಕೊಂಡು ಅಭ್ಯಾಸವಾದ ಅವನ ಕೈ ಅದನ್ನೂ ಹಿಡಿಯಿತು.

“ನೀವೇ ಎಳೀರಿ ಸಾಹೇಬ್ರೇ. ಮೇಲಿಂದ ಕೆಳಕ್ಕೆ ಎಳೀಬೇಕು,” ಎಂದರು ಭಾವ. ಅವನು ಅಲ್ಲಾಡಲಿಲ್ಲ. “ಎಳಿಯೋ ಬೋಳಿಮಗನೇ! ನಿನ್ನ ಕಣ್ಣೆದುರಿಗೇ ಇದ್ದಾನೆ, ಇಲ್ಲ ಅನ್ಸು ನೋಡೋಣ!”

ಕೊಳ್ಳುವವರು ಲೋಟ ಹಿಡಿದುಕೊಂಡೇ ಹಿಂದೆ ಸರಿದರು. ಹಳದಿ ಬ್ರಷ್ಷಿನ ಹಿಡಿಯಿಂದ ಇಳಿದು ಬಿಲ್ಡರನ ಗಡಿಯಾರದ ಪಟ್ಟಿ ದಾಟಿ ತೋಳಿನೊಳಗೆ ಹರಿಯಿತು. ಅವನು ಸುತ್ತ ನೋಡಿದ. ಅದನ್ನು ಅವನ ಕೈಯಿಂದ ತೆಗೆದುಕೊಳ್ಳಲು ಯಾರೂ ಮುಂದೆ ಬರಲಿಲ್ಲ.

ನಾನು ಕೈ ತೆಗೆಯಲಿಲ್ಲ.